ಮೀನು ಹೊಂಡಕ್ಕೆ ಸಹಾಯಧನ ಬೇಕಾ? ಜೆಸಿಬಿ ಕರೆಸುವ ಮೊದಲು ಕಚೇರಿಗೆ ಹೋಗಿ

ಫೆಬ್ರವರಿ ಬಂತೆಂದರೆ ನಮ್ಮ ಹೊಸನಗರ, ತೀರ್ಥಹಳ್ಳಿ ಕಡೆ ಅಡಿಕೆ ಕೊಯ್ಲು ಮುಗಿದಿರುತ್ತದೆ, ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಊರಲ್ಲಿ ಎಲ್ಲೋ ಒಂದು ಕಡೆ ಜೆಸಿಬಿ ಕೆಲಸ ನಡೆದಿರುತ್ತದೆ. ಹೇಗೂ ಪಕ್ಕದ ತೋಟಕ್ಕೆ ಬಂದಿದೆ, ನಮ್ಮಲ್ಲೂ ಎರಡು ದಿನ ಕೆಲಸ ಮಾಡಿಸಿ ಆ ಹಾಳುಬಿದ್ದ ಜೌಗು ಗದ್ದೆಯಲ್ಲಿ ಒಂದು ಮೀನು ಹೊಂಡ ತೆಗೆಸಿಬಿಡೋಣ ಅನ್ನಿಸುತ್ತದೆ. ನಾನೂ ಹಾಗೇ ತೆಗೆಸಿದೆ. ಮಳೆ ಬಂದು ಹೊಂಡ ತುಂಬಿದ ಮೇಲೆ ಅರ್ಜಿ ಹಿಡಿದು ಹೋದೆ. ಕೆಲಸ ಶುರುವಾಗುವ ಮೊದಲಿನ ಜಾಗದ ಫೋಟೋ ಕೇಳಿದರು, ಕಾರ್ಯಾದೇಶ, ಅಂದರೆ ಕೆಲಸ ಶುರು ಮಾಡಿ ಅಂತ ಇಲಾಖೆ ಕೊಡುವ ಕಾಗದ, ಕೇಳಿದರು. ಎರಡೂ ಇರಲಿಲ್ಲ. ಹೊಂಡ ಕಣ್ಣೆದುರಿಗೇ ಇದ್ದರೂ ಹಣ ಬರಲಿಲ್ಲ. ಆಮೇಲೆ ಎರಡನೇ ಹೊಂಡ ಮಾಡುವಾಗ ಸರಿಯಾದ ದಾರಿಯಲ್ಲಿ ಹೋದೆ. ಆ ದಾರಿ ಏನು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮಾತು, ಅರ್ಜಿ ಹಾಕುವ ಕಾಲದ್ದು. ಮಲೆನಾಡಿನಲ್ಲಿ ಮಣ್ಣು ತೆಗೆಯಲು ಆಗುವುದೇ ಜನವರಿಯಿಂದ ಮೇವರೆಗೆ. ಸರ್ಕಾರದ ಲೆಕ್ಕದ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ತಾಲ್ಲೂಕಿಗೆ ಇಷ್ಟು ಘಟಕ (ಹೊಂಡ, ಟ್ಯಾಂಕ್ ಹೀಗೆ ಸಹಾಯಧನ ಸಿಗುವ ಒಂದೊಂದು ಕೆಲಸ) ಅಂತ ಗುರಿ ಬರಬೇಕು, ಅರ್ಜಿ ಕರೆಯಬೇಕು, ಆಯ್ಕೆ ಆಗಬೇಕು, ಜಾಗ ನೋಡಬೇಕು, ಇಷ್ಟೆಲ್ಲ ಆಗುವಷ್ಟರಲ್ಲಿ ತಿಂಗಳುಗಳೇ ಹೋಗುತ್ತವೆ. ಹಾಗಾಗಿ ಬರುವ ಬೇಸಿಗೆಯಲ್ಲಿ ಹೊಂಡ ತೆಗೆಸಬೇಕು ಅಂದರೆ ಈ ಮಳೆಗಾಲದಲ್ಲೇ ಕಚೇರಿಗೆ ಹೋಗಿ ಬನ್ನಿ. ಆಗ ತೋಟದಲ್ಲೂ ಕೆಲಸ ಕಮ್ಮಿ, ಅಲ್ವಾ?

ಯಾವ ಕಚೇರಿ? ತಾಲ್ಲೂಕಿನ ಮೀನುಗಾರಿಕೆ ಇಲಾಖೆ. ಅಲ್ಲಿ ಸಹಾಯಕ ನಿರ್ದೇಶಕರು ಇರುತ್ತಾರೆ. ಶಿವಮೊಗ್ಗದಲ್ಲಿ ಜಿಲ್ಲಾ ಮಟ್ಟದ ಉಪನಿರ್ದೇಶಕರ ಕಚೇರಿ ಇದೆ, ಆದರೆ ಶುರು ಮಾಡುವುದು ತಾಲ್ಲೂಕಿನಿಂದಲೇ. ನಮ್ಮಲ್ಲಿ ತುಂಬಾ ಜನ ಕೃಷಿ ಇಲಾಖೆಗೋ ತೋಟಗಾರಿಕೆಗೋ ಹೋಗಿ ಕೇಳಿ ವಾಪಸ್ ಬರುತ್ತಾರೆ. ಹೋದಾಗ ಎರಡೇ ಪ್ರಶ್ನೆ ಕೇಳಿ: ಈ ವರ್ಷ ಯಾವ ಘಟಕಕ್ಕೆ ಗುರಿ ಇದೆ, ಅರ್ಜಿಗೆ ಕೊನೆಯ ದಿನ ಯಾವುದು. ಉತ್ತರ ಬರೆದುಕೊಳ್ಳಿ. ಅರ್ಜಿ ಕೊಟ್ಟ ದಿನವೇ ಸ್ವೀಕೃತಿ ಪಡೆಯಿರಿ, ಸುಮ್ನೆ ಬಿಟ್ಟು ಬರಬೇಡಿ.

ಈಗ ಹಣದ ಲೆಕ್ಕ. ದೊಡ್ಡ ಯೋಜನೆ ಪ್ರಧಾನಮಂತ್ರಿ ಮತ್ಸ್ಯ ಸಂಪದ. ಇದು 2020ರಲ್ಲಿ ಬಂತು. ಸಾಮಾನ್ಯ ವರ್ಗದವರಿಗೆ ಘಟಕ ವೆಚ್ಚದ ಶೇ 40, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮತ್ತು ಮಹಿಳೆಯರಿಗೆ ಶೇ 60 ಸಹಾಯಧನ. ಇಲ್ಲಿ ಘಟಕ ವೆಚ್ಚ ಅನ್ನುವ ಮಾತನ್ನು ಸರಿಯಾಗಿ ತಿಳಿದುಕೊಳ್ಳಬೇಕು. ನೀವು ಎಷ್ಟು ಖರ್ಚು ಮಾಡಿದಿರಿ ಅನ್ನುವುದರ ಮೇಲೆ ಲೆಕ್ಕ ಇಲ್ಲ, ಯೋಜನೆಯಲ್ಲಿ ಎಷ್ಟು ಅಂತ ಬರೆದಿದೆಯೋ ಅಷ್ಟಕ್ಕೆ ಮಾತ್ರ. ಹೊಸ ಕೊಳ ತೆಗೆಯಲು ಹೆಕ್ಟೇರಿಗೆ 7 ಲಕ್ಷ ರೂಪಾಯಿ, ಮರಿ, ಆಹಾರ, ಗೊಬ್ಬರ ಇವಕ್ಕೆಲ್ಲ ಹೆಕ್ಟೇರಿಗೆ 4 ಲಕ್ಷ ಅಂತ ಇಟ್ಟಿದ್ದಾರೆ. ಮಲೆನಾಡಿನಲ್ಲಿ ಹೆಕ್ಟೇರ್ ಲೆಕ್ಕದ ಹೊಂಡ ಯಾರು ತೆಗೆಸುತ್ತಾರೆ? ನಮ್ಮದು ಗುಂಟೆ ಲೆಕ್ಕ. 10 ಗುಂಟೆ ಅಂದರೆ ಹೆಚ್ಚುಕಮ್ಮಿ ಒಂದು ಹೆಕ್ಟೇರಿನ ಹತ್ತರಲ್ಲಿ ಒಂದು ಪಾಲು. ಹಾಗಾಗಿ 70 ಸಾವಿರ ಪ್ಲಸ್ 40 ಸಾವಿರ, ಒಟ್ಟು 1.10 ಲಕ್ಷ. ಇದರ ಶೇ 40 ಅಂದರೆ 44 ಸಾವಿರ, ಶೇ 60 ಅಂದರೆ 66 ಸಾವಿರ. ಕಲ್ಲು ಸಿಕ್ಕಿ ಜೆಸಿಬಿ ಬಾಡಿಗೆ ಜಾಸ್ತಿ ಆಯಿತು ಅಂದರೆ ಆ ಹೊರೆ ನಿಮ್ಮದೇ. ಇನ್ನೊಂದು, ಹಣ ಮೊದಲೇ ಬರುವುದಿಲ್ಲ. ಕೆಲಸ ಮುಗಿಸಿ, ಬಿಲ್ಲು ಕೊಟ್ಟು, ಇಲಾಖೆಯವರು ಬಂದು ನೋಡಿದ ಮೇಲೆ ನಿಮ್ಮ ಖಾತೆಗೆ ಬರುತ್ತದೆ. ಅಲ್ಲಿಯವರೆಗೆ ಕೈಯಿಂದ ಹಾಕುವ ಶಕ್ತಿ ಇದೆಯಾ ಅಂತ ಮನೆಯಲ್ಲಿ ಕೂತು ಮಾತಾಡಿ.

ಮನೆಯ ಹೆಣ್ಣುಮಕ್ಕಳ ಹೆಸರಲ್ಲಿ ಜಮೀನು ಇದ್ದರೆ ಅರ್ಜಿ ಅವರ ಹೆಸರಲ್ಲೇ ಹೋಗಲಿ. ಶೇ 60 ಸಿಗುತ್ತದೆ ಅನ್ನುವುದು ಒಂದು. ಅದಕ್ಕಿಂತ ಮುಖ್ಯ, ದಿನಾ ತೌಡು ಹಾಕುವವರು, ಬೆಳಿಗ್ಗೆ ಎದ್ದು ನೀರು ನೋಡುವವರು ನಮ್ಮ ಮನೆಗಳಲ್ಲಿ ಅವರೇ. ದುಡ್ಡೂ ಅವರ ಖಾತೆಗೇ ಬರಲಿ.

ಕಾಗದಪತ್ರದ ವಿಷಯಕ್ಕೆ ಬಂದರೆ ನಮ್ಮ ಕಡೆ ತೊಡಕು ಇರುವುದು ಪಹಣಿಯಲ್ಲಿ. ಜಮೀನು ಇನ್ನೂ ಅಜ್ಜನ ಹೆಸರಲ್ಲೇ ಇರುತ್ತದೆ, ಇಲ್ಲವೇ ಅಣ್ಣತಮ್ಮಂದಿರ ಒಟ್ಟು ಖಾತೆ. ತೀರಿಕೊಂಡವರ ಹೆಸರಲ್ಲಿದ್ದರೆ ಮೊದಲು ಪೌತಿ ಖಾತೆ ಮಾಡಿಸಿ, ಅದಕ್ಕೇ ಸಮಯ ಹಿಡಿಯುತ್ತದೆ. ಒಟ್ಟು ಖಾತೆಯಾದರೆ ಉಳಿದವರ ಒಪ್ಪಿಗೆ ಪತ್ರ ಬೇಕಾಗುತ್ತದೆ. ಬಗರ್ ಹುಕುಂ ಅರ್ಜಿ ಹಾಕಿ ಕಾಯುತ್ತಿರುವ ಜಾಗ, ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು), ಅರಣ್ಯದ ಗಡಿಗೆ ತಾಗಿದ ಜಾಗ, ಇಲ್ಲೆಲ್ಲ ಹೊಂಡದ ಯೋಚನೆ ಬೇಡ. ಸಹಾಯಧನ ಹೋಗಲಿ, ಕೇಸೇ ಆಗಬಹುದು. ಮುಳುಗಡೆಯಾಗಿ ಬಂದ ಕುಟುಂಬಗಳಿಗೆ ಇದು ಎಷ್ಟು ಕಷ್ಟದ ಮಾತು ಅಂತ ನನಗೆ ಗೊತ್ತು. ದಶಕಗಳಿಂದ ಉಳುತ್ತಿರುವ ನೆಲಕ್ಕೆ ಕಾಗದ ಇಲ್ಲ ಅನ್ನುವುದು ಅನ್ಯಾಯವೇ. ಆದರೂ ಹೇಳದೆ ಇರಲಾರೆ, ಹಕ್ಕುಪತ್ರ ಕೈಗೆ ಬರುವವರೆಗೆ ಅಲ್ಲಿ ಲಕ್ಷ ರೂಪಾಯಿ ಸುರಿಯಬೇಡಿ.

ಪಹಣಿಯ ಜೊತೆ ಆಧಾರ್, ಬ್ಯಾಂಕ್ ಪಾಸ್‌ಬುಕ್, ಜಾತಿ ಪ್ರಮಾಣಪತ್ರ, ಫೋಟೋ, ಕೊಟೇಷನ್ ಇಟ್ಟುಕೊಳ್ಳಿ. ರೈತರ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಇಲ್ಲದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಮಾಡಿಸಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತ ಬ್ಯಾಂಕಿನಲ್ಲಿ ಬಾಯಿಬಿಟ್ಟು ಕೇಳಿ. ಎಲ್ಲ ಸರಿಯಿದ್ದೂ ಇದೊಂದರಿಂದ ಹಣ ವಾಪಸ್ ಹೋದವರಿದ್ದಾರೆ. ಇದರ ಜೊತೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಮೀನುಗಾರಿಕೆ ಡಿಜಿಟಲ್ ವೇದಿಕೆ ಅಂತ ಶುರು ಮಾಡಿದೆ, ಎನ್‌ಎಫ್‌ಡಿಪಿ ಅನ್ನುತ್ತಾರೆ. ಅದರಲ್ಲೂ ಹೆಸರು ನೋಂದಾಯಿಸಿ. ಸಾಮಾನ್ಯ ಸೇವಾ ಕೇಂದ್ರದಲ್ಲಿ ಮಾಡಿಕೊಡುತ್ತಾರೆ, ಆಧಾರ್‌ಗೆ ಜೋಡಿಸಿದ ಮೊಬೈಲ್ ಜೊತೆಯಲ್ಲಿರಲಿ. ಮೀನು ಸಾಕಣೆ ವಿಮೆಯ ಕಂತಿನಲ್ಲಿ ಶೇ 40 ವಾಪಸ್ ಸಿಗುವ ಪ್ರೋತ್ಸಾಹಕ್ಕೆಲ್ಲ ಈ ನೋಂದಣಿಯೇ ಬಾಗಿಲು.

ಆಯ್ಕೆಯಾದ ಮೇಲೆ ಕಾರ್ಯಾದೇಶ ಕೈಗೆ ಬರಬೇಕು. ಬಾಯಿಮಾತಿನಲ್ಲಿ "ಆಗುತ್ತೆ, ಶುರು ಮಾಡಿ" ಅಂದರೆ ಸಾಲದು. ಕಾಗದ ಬಂದ ಮೇಲೆ ಖಾಲಿ ಜಾಗದ ಫೋಟೋ, ಅರ್ಧ ತೆಗೆದಾಗಿನ ಫೋಟೋ, ಮುಗಿದ ಮೇಲಿನ ಫೋಟೋ, ಮೂರನ್ನೂ ಜಾಗದ ಗುರುತು ಬೀಳುವ ಜಿಪಿಎಸ್ ಕ್ಯಾಮೆರಾ ಆಪ್‌ನಲ್ಲಿ ನೀವೇ ತೆಗೆದಿಟ್ಟುಕೊಳ್ಳಿ. ಜೆಸಿಬಿಯವರ ಹತ್ತಿರ ಬಿಲ್ಲು ಕೇಳಿ ಪಡೆಯಿರಿ, ಹಣವನ್ನು ಆದಷ್ಟೂ ಖಾತೆಯಿಂದಲೇ ಕೊಡಿ.

ಜಾಗ ಆರಿಸುವಾಗ ಒಂದು ಸಣ್ಣ ಪರೀಕ್ಷೆ ಮಾಡಿ. ಮೂರಡಿ ಗುಂಡಿ ತೆಗೆದು ನೀರು ತುಂಬಿಸಿ, ಮರುದಿನ ನೋಡಿ. ನಮ್ಮಲ್ಲಿ ಜಂಬಿಟ್ಟಿಗೆ ನೆಲ ಜಾಸ್ತಿ, ಅದು ನೀರನ್ನು ಕುಡಿದುಬಿಡುತ್ತದೆ. ಗದ್ದೆ ಬಯಲಿನ ಜೇಡಿ ಮಣ್ಣಾದರೆ ನಿಲ್ಲುತ್ತದೆ. ಐದಾರು ಅಡಿ ನೀರು ನಿಂತರೆ ಸಾಕು, ಬಾವಿಯಂತೆ ಆಳ ಮಾಡುವುದರಿಂದ ಲಾಭ ಇಲ್ಲ.

ನಮ್ಮ ಮಣ್ಣಲ್ಲಿ ಹುಳಿ ಜಾಸ್ತಿ. ಅದಕ್ಕೇ ಸುಣ್ಣ ಹಾಕದೆ ಮರಿ ಬಿಡಬೇಡಿ. 10 ಗುಂಟೆಗೆ 20ರಿಂದ 50 ಕೆಜಿ ಅನ್ನುವುದು ಸಾಮಾನ್ಯ ಲೆಕ್ಕ, ನಮ್ಮ ಕಡೆ ಮೇಲಿನ ಅಳತೆಯ ಹತ್ತಿರವೇ ಹಾಕಬೇಕು. ಸುಣ್ಣ ಹಾಕಿ ಒಂದು ವಾರ ಬಿಟ್ಟು ಸಗಣಿ ಗೊಬ್ಬರ, ಮೊದಲ ಸಲಕ್ಕೆ 200 ಕೆಜಿ ಹಾಕಿದರೆ ನಡೆಯುತ್ತದೆ. ನೀರು ತಿಳಿ ಹಸಿರು ಬಣ್ಣಕ್ಕೆ ತಿರುಗಿದರೆ ಮರಿಗೆ ಊಟ ತಯಾರಾಗಿದೆ ಅಂತ ಅರ್ಥ. ಮರಿಗೆ ದೂರ ಹೋಗಬೇಕಿಲ್ಲ, ಭದ್ರಾ ಅಣೆಕಟ್ಟೆಯ ಹತ್ತಿರ ಬಿ.ಆರ್. ಪ್ರಾಜೆಕ್ಟ್‌ನಲ್ಲಿ ಇಲಾಖೆಯದ್ದೇ ಮೀನುಮರಿ ಕೇಂದ್ರ ಇದೆ. ಮೊದಲೇ ಬೇಡಿಕೆ ಹೇಳಿಡಿ. ಕಡ್ಡಿಯಷ್ಟು ಸಣ್ಣ ಮರಿ ಅಗ್ಗ ಅಂತ ತರಬೇಡಿ, ಬೆರಳುದ್ದದ್ದು ತನ್ನಿ. 10 ಗುಂಟೆಗೆ 500 ಸಾಕು: ಮೇಲೆ ಮೇಯುವ ಕಾಟ್ಲಾ 200, ನಡುವಿನ ರೋಹು 150, ತಳದಲ್ಲಿ ಮೇಯುವ ಸಾಮಾನ್ಯ ಗೆಂಡೆ ಅಥವಾ ಮೃಗಾಲ್ 150. ಮನೆಗೆ ತಂದ ಆಕ್ಸಿಜನ್ ಚೀಲವನ್ನು ಹಾಗೇ ಹದಿನೈದು ಇಪ್ಪತ್ತು ನಿಮಿಷ ಹೊಂಡದಲ್ಲಿ ತೇಲಿಬಿಟ್ಟು, ಆಮೇಲೆ ಬಾಯಿ ಬಿಚ್ಚಿ. ಆಫ್ರಿಕನ್ ಕ್ಯಾಟ್‌ಫಿಶ್ ಮರಿ ಕೊಡುತ್ತೇವೆ ಅಂತ ಯಾರಾದರೂ ಬಂದರೆ ಬೇಡ ಅನ್ನಿ, ದೇಶದಲ್ಲಿ ಅದರ ಸಾಕಣೆಗೇ ನಿಷೇಧ ಇದೆ. ಹೊಳೆಗೆ ತಪ್ಪಿಸಿಕೊಂಡರೆ ನಮ್ಮ ಊರಿನ ಮೀನುಗಳನ್ನೇ ತಿಂದು ಮುಗಿಸುತ್ತದೆ.

ಮರಿ ಬಿಡುವ ಕಾಲದ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಬಯಲುಸೀಮೆಯವರಂತೆ ಜೂನ್, ಜುಲೈಯಲ್ಲಿ ಬಿಡಬೇಡಿ. ನಮ್ಮ ಮಳೆಗೆ ಹೊಂಡ ಉಕ್ಕಿ ಹರಿದರೆ ಮರಿಯೆಲ್ಲ ಹಳ್ಳದ ಪಾಲು. ಮೊದಲ ಮಳೆಗೆ ಹತ್ತುಮೀನು (ಹೊಸ ನೀರಿಗೆ ಎದುರಾಗಿ ಹತ್ತಿ ಬರುವ ಮೀನು) ಏರಿ ಬರುವಾಗ ಹಳ್ಳದ ಮೀನುಗಳೂ ಒಳಗೆ ಸೇರಿಕೊಳ್ಳುತ್ತವೆ, ಅವುಗಳಲ್ಲಿ ಮರಿ ತಿನ್ನುವವೂ ಇರುತ್ತವೆ. ಆಗಸ್ಟ್ ಕೊನೆಗೆ, ಮಳೆಯ ಜೋರು ಇಳಿದ ಮೇಲೆ ಬಿಡಿ. ನೀರು ಒಳಗೆ ಬರುವ ಕಡೆ, ಹೊರಗೆ ಹೋಗುವ ಕಡೆ ಎರಡೂ ಕಡೆ ನೈಲಾನ್ ಬಲೆ ಕಟ್ಟಿ.

ಅಡಿಕೆ ತೋಟದವರಿಗೆ ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇದೆ. ತಾಮ್ರ ಮೀನಿಗೆ ವಿಷ, ನಮ್ಮಲ್ಲಿಯಂಥ ಮೆದು ನೀರಿನಲ್ಲಿ ಇನ್ನೂ ಜಾಸ್ತಿ. ತೋಟದ ಕಪ್ಪಿನ (ಬಸಿಗಾಲುವೆಯ) ನೀರು ನೇರ ಹೊಂಡಕ್ಕೆ ಬೀಳುವ ಹಾಗೆ ಹೊಂಡ ತೆಗೆಸಬೇಡಿ, ತೆಗೆಸಿ ಆಗಿದ್ದರೆ ಸುತ್ತ ಒಂದು ಚರಂಡಿ ಮಾಡಿ ನೀರನ್ನು ಬೇರೆ ಕಡೆ ತಿರುಗಿಸಿ. ಔಷಧಿ ಡ್ರಮ್ಮನ್ನು ಹೊಂಡದ ಏರಿ ಮೇಲಿಟ್ಟು ಕಲಸುವುದು, ಹೊಂಡದಲ್ಲೇ ತೊಳೆಯುವುದು ಖಂಡಿತ ಬೇಡ.

ಆಹಾರಕ್ಕೆ ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಮ ಸಮ ಕಲಸಿ, ತೂತು ಮಾಡಿದ ಚೀಲದಲ್ಲಿ ತುಂಬಿ ನೀರಿಗೆ ಇಳಿಬಿಟ್ಟರೆ ಪೋಲಾಗುವುದಿಲ್ಲ. 100 ಕೆಜಿ ಮೀನಿದೆ ಅನ್ನಿಸಿದರೆ ದಿನಕ್ಕೆ 2ರಿಂದ 3 ಕೆಜಿ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಗಾಳಿ ಸಾಲುತ್ತಿಲ್ಲ ಅಂತ. ಆ ದಿನ ಆಹಾರ, ಸಗಣಿ ಎರಡೂ ನಿಲ್ಲಿಸಿ, ಹೊಸ ನೀರು ಬಿಡಿ. ಆಹಾರದಂಥ ದಿನನಿತ್ಯದ ಖರ್ಚಿಗೆ ಬ್ಯಾಂಕಿನಲ್ಲಿ ಮೀನುಗಾರಿಕೆಗೆ ಕಿಸಾನ್ ಕ್ರೆಡಿಟ್ ಕಾರ್ಡ್ ಸಾಲ ಕೇಳಿ. ಬಡ್ಡಿ ಶೇ 7, ಸರಿಯಾದ ಸಮಯಕ್ಕೆ ಕಟ್ಟಿದರೆ ಶೇ 4 ಮಾತ್ರ ಬೀಳುತ್ತದೆ. 2025ರ ಜನವರಿಯಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಮೀನು ಸಾಕಣೆಯೂ ಅದರಲ್ಲಿ ಸೇರಿದೆ. ಬೆಳೆ ಸಾಲದ ಕಾರ್ಡ್ ಈಗಾಗಲೇ ಇದ್ದರೆ ಅದರಲ್ಲೇ ಮೀನಿನ ಭಾಗ ಸೇರಿಸಲು ಹೇಳಿ.

ಬಯೋಫ್ಲಾಕ್, ಅಂದರೆ ಟ್ಯಾಂಕಿನಲ್ಲಿ ಒತ್ತೊತ್ತಾಗಿ ಮೀನು ಸಾಕುವ ವಿಧಾನದ ಬಗ್ಗೆ ತುಂಬಾ ಜನ ಕೇಳುತ್ತಾರೆ. 7 ಟ್ಯಾಂಕಿನ ಸಣ್ಣ ಘಟಕಕ್ಕೆ 7.5 ಲಕ್ಷ ಘಟಕ ವೆಚ್ಚ, ಅದಕ್ಕೂ ಸಹಾಯಧನ ಇದೆ, ನಿಜ. ಆದರೆ ಅದಕ್ಕೆ ಹಗಲು ರಾತ್ರಿ ಗಾಳಿ ಊದುವ ಯಂತ್ರ ಓಡುತ್ತಲೇ ಇರಬೇಕು. ಜುಲೈಯಲ್ಲಿ ಮರ ಬಿದ್ದು ನಮ್ಮಲ್ಲಿ ಎಷ್ಟು ದಿನ ಕರೆಂಟ್ ಇರುವುದಿಲ್ಲ ನೆನಪಿಸಿಕೊಳ್ಳಿ. ಕೆಲವೇ ಗಂಟೆ ಗಾಳಿ ನಿಂತರೂ ಟ್ಯಾಂಕ್ ತುಂಬಾ ಸತ್ತ ಮೀನು. ಮೊದಲ ಸಲಕ್ಕೆ ಮಣ್ಣಿನ ಹೊಂಡವೇ ಸರಿ.

ಜಮೀನಿಲ್ಲದವರಿಗೂ ದಾರಿ ಇದೆ. ಕೆರೆಗಳಲ್ಲಿ ಕೆಲವು ಇಲಾಖೆಯದ್ದು, ಸಣ್ಣವು ಗ್ರಾಮ ಪಂಚಾಯಿತಿಯದ್ದು. ಮೀನುಗಾರರ ಸಹಕಾರ ಸಂಘದ ಸದಸ್ಯರಾದರೆ ಕೆರೆ ಗುತ್ತಿಗೆಯಲ್ಲಿ ಸಂಘಕ್ಕೆ ಆದ್ಯತೆ ಸಿಗುತ್ತದೆ. ಲಿಂಗನಮಕ್ಕಿ, ಭದ್ರಾ ಹಿನ್ನೀರಿನಲ್ಲಿ ತೆಪ್ಪ ಹಾಕುವವರು ಅಪಘಾತ ವಿಮೆಗೆ ಹೆಸರು ಸೇರಿದೆಯಾ ಅಂತ ಕಚೇರಿಯಲ್ಲಿ ಕೇಳಲೇಬೇಕು. ಕಂತು ಪೂರ್ತಿ ಸರ್ಕಾರವೇ ಕಟ್ಟುತ್ತದೆ, ಜೀವ ಹೋದರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ. ಹಿನ್ನೀರಿನ ಗಾಳಿಗೆ ತೆಪ್ಪ ಮಗುಚುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಮಾರಾಟ ಮಾಡುವವರಿಗೆ ಐಸ್ ಬಾಕ್ಸ್ ಇರುವ ಬೈಕಿಗೂ ಯೋಜನೆಯಲ್ಲಿ ಜಾಗ ಇದೆ, ಘಟಕ ವೆಚ್ಚ 75 ಸಾವಿರ.

ಇನ್ನು ಮೀನು ಹಿಡಿಯುವುದು. ಚೆನ್ನಾಗಿ ನೋಡಿಕೊಂಡರೆ ಎಂಟು ಹತ್ತು ತಿಂಗಳಲ್ಲಿ ಮುಕ್ಕಾಲು ಕೆಜಿ, 1 ಕೆಜಿ ತೂಗುತ್ತವೆ. ನೀರು ಇಳಿಯುವ ಹೊಂಡವಾದರೆ ಏಪ್ರಿಲ್‌ನಲ್ಲೇ ಹಿಡಿದುಬಿಡಿ. ಎಲ್ಲವನ್ನೂ ಒಂದೇ ದಿನ ವ್ಯಾಪಾರಿಗೆ ಕೊಡುವ ಬದಲು ಭಾನುವಾರ ಬೆಳಿಗ್ಗೆ ಹೊಂಡದ ಹತ್ತಿರವೇ ಜೀವಂತ ಮೀನು ಮಾರಿ, ಹಿಂದಿನ ದಿನ ಊರವರಿಗೆ ವಾಟ್ಸಾಪ್‌ನಲ್ಲಿ ತಿಳಿಸಿದರೆ ಸಾಕು. ಮೇ ಕೊನೆಗೂ ಮೂರು ನಾಲ್ಕು ಅಡಿ ನೀರು ನಿಲ್ಲುವ ಹೊಂಡವಾದರೆ ಮಾತ್ರ ಅರ್ಧ ಮೀನು ಉಳಿಸಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಘಟ್ಟ ಹತ್ತಿ ಬರುವ ಕಡಲ ಮೀನು ಕಮ್ಮಿಯಾಗುತ್ತದೆ. ಜೂನ್ ಮೊದಲ ವಾರ, ಹೊಂಡ ಉಕ್ಕುವುದಕ್ಕೆ ಮುಂಚೆ, ಆ ಅರ್ಧವನ್ನು ಹಿಡಿಯಿರಿ. ಆಗ ಬೇಸಿಗೆಗಿಂತ ಒಳ್ಳೆ ಬೆಲೆ ಕೇಳಬಹುದು.