ಡಿಎನ್‌ಎ ರಿಪೋರ್ಟ್ ಕೈಗೆ ಬಂತು, ಆಮೇಲೆ?

ಮದುವೆಯಾಗದ ಜೋಡಿಗೆ ಮಗು ಹುಟ್ಟಿದೆ. ಸಂಬಂಧ ಮುರಿದಿದೆ. ಮಗು ನನ್ನದೇ ಎನ್ನುತ್ತಾನೆ ಆತ, ಆದರೆ ಮಗುವಿನ ಯಾವ ಕಾಗದದಲ್ಲೂ ಅವನ ಹೆಸರಿಲ್ಲ. ಇಂಥವರು ಮೊದಲು ಓಡುವುದು ಡಿಎನ್‌ಎ ಲ್ಯಾಬಿಗೆ. ಓಡಲಿ. ಆದರೆ ಲ್ಯಾಬ್ ಹೇಳುವುದು ರಕ್ತಸಂಬಂಧವನ್ನಷ್ಟೇ. ಮಗುವನ್ನು ನೋಡುವ, ಬೆಳೆಸುವ ಹಕ್ಕು ಸಿಗುವುದು ಕಾನೂನಿನ ಕಾಗದದಿಂದ.

ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದದ್ದು: ಟೆಸ್ಟ್ ಬೇಕಾ? ಅಪ್ಪ ಯಾರೆಂಬ ಬಗ್ಗೆ ಇಬ್ಬರಿಗೂ ಅನುಮಾನವಿಲ್ಲದಿದ್ದರೆ ಹಲವು ದೇಶಗಳಲ್ಲಿ ಸಹಿಯಲ್ಲೇ ಕೆಲಸ ಮುಗಿಯುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರ ಡಿಸೆಂಬರ್ 1ರ ನಂತರ ತಾಯಿಯೊಂದಿಗೆ ಸೇರಿ ಜನನ ನೋಂದಣಿಯಲ್ಲಿ ಹೆಸರು ಬರೆಸಿದ ಅವಿವಾಹಿತ ತಂದೆಗೆ ಪೋಷಕರ ಹೊಣೆ, ಹಕ್ಕು ಎರಡೂ ಸಿಗುತ್ತವೆ. ಅಮೆರಿಕದಲ್ಲಿ ಹೆರಿಗೆ ಆಸ್ಪತ್ರೆಯಲ್ಲೇ ಇಬ್ಬರೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬಹುದು. ಅದನ್ನು ಸುಲಭವಾಗಿ ಹಿಂಪಡೆಯಲು 60 ದಿನ ಮಾತ್ರ ಸಮಯ. ಅದು ದಾಟಿದರೆ ಮೋಸ, ಬಲವಂತ ಅಥವಾ ದೊಡ್ಡ ತಪ್ಪು ತಿಳಿವಳಿಕೆ ಆಗಿತ್ತೆಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಎಳ್ಳಷ್ಟು ಅನುಮಾನವಿದ್ದರೂ ಮೊದಲು ಟೆಸ್ಟ್, ಆಮೇಲೆ ಸಹಿ. ಮಗುವನ್ನು ಎತ್ತಿಕೊಂಡ ಖುಷಿಯಲ್ಲಿ ಈ ಮಾತು ಯಾರ ಕಿವಿಗೂ ಬೀಳುವುದಿಲ್ಲ, ಅದು ಬೇರೆ ವಿಷಯ.

ಟೆಸ್ಟ್ ಬೇಕು ಎಂದಾದರೆ ಯಾವ ಟೆಸ್ಟ್ ಎಂಬುದು ಮುಖ್ಯ. ಮನೆಯಲ್ಲೇ ಸ್ಯಾಂಪಲ್ ತೆಗೆದು ಕಳಿಸುವ ಕಿಟ್ ಮನಸ್ಸಿನ ಸಮಾಧಾನಕ್ಕೆ ಸಾಕು. ಕೋರ್ಟಿಗೆ ಸಾಕಾಗುವುದಿಲ್ಲ. ಏಕೆಂದರೆ ಆ ಎಂಜಲು ಯಾರದ್ದು ಎಂದು ಹೇಳುವ ಸಾಕ್ಷಿ ಇಲ್ಲ. ಕೋರ್ಟ್ ಒಪ್ಪುವ ಟೆಸ್ಟಿನಲ್ಲಿ ಮೂರನೆಯವರೊಬ್ಬರು ಗುರುತಿನ ಚೀಟಿ ನೋಡಿ, ತಾವೇ ಸ್ಯಾಂಪಲ್ ತೆಗೆದು, ಸೀಲ್ ಮಾಡಿ ಸಹಿ ಹಾಕುತ್ತಾರೆ. ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದಕ್ಕೂ ದಾಖಲೆ ಇರುತ್ತದೆ. ಮುಂದೆ ಕೇಸ್ ಹಾಕುವ ಯೋಚನೆ ಇದ್ದರೆ ನೇರವಾಗಿ ಇದನ್ನೇ ಮಾಡಿಸಿ. ಇಲ್ಲವಾದರೆ ಎರಡು ಸಲ ದುಡ್ಡು ಕೊಡಬೇಕಾಗುತ್ತದೆ. ಗುಟ್ಟಾಗಿ ಮಗುವಿನ ಕೂದಲು ಕಳಿಸುವ ಸಾಹಸವಂತೂ ಬೇಡ. ಫ್ರಾನ್ಸಿನಲ್ಲಿ ನ್ಯಾಯಾಧೀಶರ ಆದೇಶವಿಲ್ಲದೆ ಪಿತೃತ್ವ ಪರೀಕ್ಷೆ ಮಾಡಿಸುವುದೇ ಅಪರಾಧ.

ಸ್ಯಾಂಪಲ್ ಕೊಡುವುದು ಸುಲಭ. ಅರ್ಧ ಗಂಟೆ ಮೊದಲಿನಿಂದ ಏನೂ ತಿನ್ನಬೇಡಿ, ಕುಡಿಯಬೇಡಿ. ಕೆನ್ನೆಯ ಒಳಭಾಗಕ್ಕೆ ಹತ್ತಿಯ ಕಡ್ಡಿ ಉಜ್ಜುತ್ತಾರೆ, ಅಷ್ಟೇ. ಸೂಜಿ ಇಲ್ಲ, ನೋವಿಲ್ಲ. ತಾಯಿಯ ಸ್ಯಾಂಪಲ್ ಕಡ್ಡಾಯವಲ್ಲ, ಆದರೆ ಇದ್ದರೆ ಲೆಕ್ಕ ಗಟ್ಟಿಯಾಗುತ್ತದೆ. ನಿಮಗೆ ಅಸ್ಥಿಮಜ್ಜೆ ಕಸಿ ಆಗಿದ್ದರೆ ಮೊದಲೇ ಹೇಳಿ. ಕಸಿಯ ನಂತರ ರಕ್ತದಲ್ಲಿ ಸಿಗುವುದು ದಾನಿಯ ಡಿಎನ್‌ಎ, ಕೆನ್ನೆಯ ಸ್ಯಾಂಪಲ್‌ನಲ್ಲೂ ಅದು ಬೆರೆತಿರಬಹುದು. ತಂದೆ ನಿಮ್ಮ ಅಣ್ಣನೋ ತಮ್ಮನೋ ಆಗಿರುವ ಸಾಧ್ಯತೆ ಇದ್ದರೆ, ಮುಜುಗರವಾದರೂ ಅದನ್ನೂ ಹೇಳಲೇಬೇಕು. ಒಂದೇ ರೂಪದ ಅವಳಿಗಳಾದರೆ ಮಾಮೂಲಿ ಟೆಸ್ಟಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಇನ್ನು ರಿಪೋರ್ಟ್ ಓದುವುದು. ಮಗುವಿನ ಡಿಎನ್‌ಎಯಲ್ಲಿ ಅರ್ಧ ಅಮ್ಮನದು, ಅರ್ಧ ಅಪ್ಪನದು. ಲ್ಯಾಬ್ ಸುಮಾರು ಇಪ್ಪತ್ತು ಗುರುತಿನ ಜಾಗಗಳನ್ನು ಹೋಲಿಸುತ್ತದೆ. ಹಲವು ಕಡೆ ತಾಳೆಯಾಗದಿದ್ದರೆ ತಂದೆಯಾಗುವ ಸಾಧ್ಯತೆ 0 ಎಂದು ಬರೆಯುತ್ತಾರೆ. ಎಲ್ಲವೂ ತಾಳೆಯಾದರೆ ಶೇಕಡಾ 99.9ಕ್ಕಿಂತ ಜಾಸ್ತಿ. 100 ಯಾಕಿಲ್ಲ ಎಂದು ಗಾಬರಿಯಾಗಬೇಡಿ. ಲೋಕದ ಎಲ್ಲ ಗಂಡಸರನ್ನೂ ಪರೀಕ್ಷಿಸಿಲ್ಲವಲ್ಲ, ಅದಕ್ಕೆ. ಒಂದೇ ಕಡೆ ತಪ್ಪಿದರೂ ಹೆದರಬೇಡಿ. ಅಪ್ಪನಿಂದ ಮಗುವಿಗೆ ಬರುವಾಗ ಡಿಎನ್‌ಎ ಅಪರೂಪಕ್ಕೆ ಬದಲಾಗುವುದುಂಟು. ಅಂಥಲ್ಲಿ ಲ್ಯಾಬ್ ಇನ್ನಷ್ಟು ಜಾಗಗಳನ್ನು ನೋಡುತ್ತದೆ.

ತಾಯಿ ಒಪ್ಪದಿದ್ದರೆ ಕೋರ್ಟಿಗೆ ಹೋಗಬೇಕು. ಪಿತೃತ್ವ ಘೋಷಣೆಗೆ ಅರ್ಜಿ ಹಾಕಿ, ಟೆಸ್ಟಿಗೆ ಆದೇಶ ಕೇಳುವುದು ರೂಢಿ. ತಾಯಿಗೆ ಬೇರೊಬ್ಬ ಗಂಡನಿದ್ದರೆ ದಾರಿ ಕಡಿದು. ಬಹಳಷ್ಟು ದೇಶಗಳ ಕಾನೂನು ಗಂಡನನ್ನೇ ತಂದೆ ಎಂದು ಮೊದಲು ನಂಬುತ್ತದೆ. ಭಾರತದ ಭಾರತೀಯ ಸಾಕ್ಷ್ಯ ಅಧಿನಿಯಮದ 116ನೇ ಸೆಕ್ಷನ್ ಪ್ರಕಾರ, ಗರ್ಭ ನಿಲ್ಲಬಹುದಾಗಿದ್ದ ಸಮಯದಲ್ಲಿ ಗಂಡ ಹೆಂಡತಿ ಕೂಡುವ ಅವಕಾಶವೇ ಇರಲಿಲ್ಲ ಎಂದು ತೋರಿಸದ ಹೊರತು ಆ ನಂಬಿಕೆ ಅಲುಗುವುದಿಲ್ಲ. ತಡಮಾಡಿದರೂ ನಷ್ಟ. ಅಮೆರಿಕದ ಹಲವು ರಾಜ್ಯಗಳಲ್ಲಿ ಅವಿವಾಹಿತ ತಂದೆ ತನ್ನ ಹೆಸರನ್ನು ವಿಶೇಷ ಪಟ್ಟಿಗೆ ಸೇರಿಸಬೇಕು. ಗಡುವು ತಪ್ಪಿದರೆ ಮಗುವನ್ನು ದತ್ತು ಕೊಡುವಾಗ ಅವನನ್ನು ಕೇಳದೆಯೂ ಇರಬಹುದು.

ಕೋರ್ಟ್ ನಿಮ್ಮನ್ನು ತಂದೆ ಎಂದಿತು ಅನ್ನೋಣ. ಜೀವನಾಂಶದ ಹೊಣೆ ಅದರ ಬೆನ್ನಿಗೇ ಬರುತ್ತದೆ. ಮಗುವನ್ನು ನೋಡುವುದಕ್ಕೆ, ಜೊತೆಯಲ್ಲಿಟ್ಟುಕೊಳ್ಳುವುದಕ್ಕೆ ಬೇರೆ ಆದೇಶ ಬೇಕು, ಅದನ್ನು ನೀವೇ ಕೇಳಬೇಕು. ಭಾರತದ 1956ರ ಹಿಂದೂ ಅಪ್ರಾಪ್ತತೆ ಮತ್ತು ಪಾಲಕತ್ವ ಕಾಯ್ದೆಯಲ್ಲಿ ಮದುವೆಯಾಚೆಗಿನ ಮಗುವಿಗೆ ತಾಯಿಯೇ ಮೊದಲ ಪಾಲಕಿ, ತಂದೆಯ ಸರದಿ ಆಮೇಲೆ. "ಮಗುವನ್ನು ತೋರಿಸುವುದಿಲ್ಲವಾ, ಹಾಗಾದರೆ ದುಡ್ಡೂ ಕೊಡುವುದಿಲ್ಲ" ಎಂಬ ಹಟ ನ್ಯಾಯಾಧೀಶರ ಮುಂದೆ ನಿಮಗೇ ತಿರುಗುಬಾಣ. ದುಡ್ಡನ್ನು ಬ್ಯಾಂಕ್ ಮೂಲಕವೇ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಭೇಟಿಗೆ ಹೋಗಿ ವಾಪಸ್ ಬಂದ ದಿನಗಳನ್ನೂ ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ.