ಕಬ್ಬಿನ ಬಿಲ್ಲು, ಗೋಳಗುಮ್ಮಟ ಮತ್ತು ಹತ್ತನೇ ಕ್ಲಾಸಿನ ಲೆಕ್ಕ

ಹೋದ ವರ್ಷ ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ಮರುದಿನ ನನ್ನ ವಿದ್ಯಾರ್ಥಿನಿಯೊಬ್ಬಳು ಅಪ್ಪನ ಜೊತೆ ಪೇಢೆ ಹಿಡಿದು ಮನೆಗೆ ಬಂದಳು. ಗಣಿತದಲ್ಲಿ ತೊಂಬತ್ತರ ಮೇಲೆ ಅಂಕ. ಮಾತಿನ ನಡುವೆ ಅಪ್ಪ ತಾವು ಮಾಡಿದ ಐವತ್ತು ಸಾವಿರದ ಕೈಸಾಲದ ಸುದ್ದಿ ತೆಗೆದರು. "ಬ್ಯಾಂಕಿನ್ಯಾಗ ನೂರಕ್ಕ ಹನ್ನೆರಡು ಅಂತಾರ್ರೀ. ಇವರದು ಬರೇ ಎರಡು." ಹುಡುಗಿ ಹೌದೆಂದು ತಲೆಯಾಡಿಸಿದಳು. ನನಗೆ ಬಾಯಲ್ಲಿದ್ದ ಪೇಢೆ ಇಳಿಯಲಿಲ್ಲ.

ನಮ್ಮ ಕಡೆ ಕೈಸಾಲದಲ್ಲಿ ನೂರಕ್ಕೆ ಎರಡು ಅಂದರೆ ತಿಂಗಳಿಗೆ ಎರಡು. ವರ್ಷಕ್ಕೆ 24 ಆಯಿತು. ಬ್ಯಾಂಕಿನ ಹನ್ನೆರಡು ಇಡೀ ವರ್ಷಕ್ಕೆ. ಚಕ್ರಬಡ್ಡಿಯ ಸೂತ್ರ ಆ ಹುಡುಗಿಗೆ ಬಾಯಿಪಾಠ ಇತ್ತು, ಕಲಿಸಿದ್ದು ನಾನೇ. ಆದರೆ ದರ ತಿಂಗಳಿಗೋ ವರ್ಷಕ್ಕೋ ಎಂದು ಮೊದಲು ಕೇಳಬೇಕು ಅನ್ನುವುದನ್ನು ನಾನು ಕಲಿಸಿರಲಿಲ್ಲ.

ವಿಜಯಪುರ ಜಿಲ್ಲೆಯಲ್ಲಿ ಇಪ್ಪತ್ತು ವರ್ಷದಿಂದ ಹೈಸ್ಕೂಲಿಗೆ ಗಣಿತ ಕಲಿಸುತ್ತಿದ್ದೇನೆ. ಅವತ್ತಿನಿಂದ ಪಾಠಗಳ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿ ಇಟ್ಟುಕೊಂಡಿದ್ದೇನೆ. ಹತ್ತನೇ ಕ್ಲಾಸು ಮುಗಿಸಿ ಹೊರಗೆ ಹೋಗುವ ಮಗುವಿಗೆ ಯಾವ ಲೆಕ್ಕ ಕೈಹತ್ತಿರಬೇಕು ಎಂಬ ಪಟ್ಟಿ ಅದು. ಮನೆಯಲ್ಲಿ ಎಂಟು, ಒಂಬತ್ತು, ಹತ್ತರ ಮಕ್ಕಳಿದ್ದರೆ ಈ ಕ್ರಮದಲ್ಲಿ ಹೋಗಿ ನೋಡಿ.

ಮೊದಲು ತಳಪಾಯ ಬಡಿದು ನೋಡಿ

ಒಂಬತ್ತನೇ ಕ್ಲಾಸಿನಲ್ಲಿ ಸೋಲುವ ಮಗು ಬಹಳ ಸಲ ಸೋತಿದ್ದು ಐದು, ಆರರಲ್ಲಿ. ಭಿನ್ನರಾಶಿ, ಶೇಕಡಾ, ಅನುಪಾತ ಈ ಮೂರು ಗಟ್ಟಿಯಾಗಿಲ್ಲದೆ ಬೀಜಗಣಿತ ನಿಲ್ಲುವುದಿಲ್ಲ. ಇವತ್ತು ಸಂಜೆ ಮಗುವನ್ನು ಕೂರಿಸಿಕೊಂಡು ಮೂರೇ ಪ್ರಶ್ನೆ ಕೇಳಿ. ಮುಕ್ಕಾಲು ದೊಡ್ಡದೋ, ಏಳರಲ್ಲಿ ಐದು ಭಾಗ ದೊಡ್ಡದೋ? 2 ಎಕರೆ 25 ಗುಂಟೆ ಹೊಲವನ್ನು ಮೂವರು ಅಣ್ಣತಮ್ಮಂದಿರಿಗೆ ಸಮನಾಗಿ ಹಂಚಿದರೆ ಒಬ್ಬರಿಗೆ ಎಷ್ಟು? 30 ಅಡಿಗೆ 40 ಅಡಿಯ ಸೈಟು ಒಂದು ಗುಂಟೆಗಿಂತ ದೊಡ್ಡದೋ, ಸಣ್ಣದೋ?

ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, ಅಂದರೆ 1,089 ಚದರ ಅಡಿ. ಎಕರೆಗೆ 40 ಗುಂಟೆ. ಹಾಗಾಗಿ ಹೊಲ 105 ಗುಂಟೆ, ಒಬ್ಬರಿಗೆ 35. ಸೈಟು 1,200 ಚದರ ಅಡಿ, ಗುಂಟೆಗಿಂತ ದೊಡ್ಡದು. ಮೊದಲ ಪ್ರಶ್ನೆಯಲ್ಲಿ ಎರಡನ್ನೂ 28ರ ಛೇದಕ್ಕೆ ತಂದರೆ ಒಂದು 21, ಇನ್ನೊಂದು 20. ಮುಕ್ಕಾಲೇ ದೊಡ್ಡದು.

ಮಗು ತಡವರಿಸಿದರೆ ಬೈಯಬೇಡಿ. ಹತ್ತನೇ ಕ್ಲಾಸಿನ ಹುಡುಗನಿಗೆ ಆರನೇ ಕ್ಲಾಸಿನ ಪುಸ್ತಕ ಕೊಡುವುದು ಅವಮಾನ ಅಲ್ಲ. ದಿನಕ್ಕೆ ಅರ್ಧ ತಾಸಿನಂತೆ ಒಂದು ತಿಂಗಳು ಕೂತರೆ ಈ ಮೂರೂ ಸರಿಹೋಗುತ್ತವೆ. ನಾನು ಕಣ್ಣಾರೆ ನೋಡಿದ್ದೇನೆ.

ಆಮೇಲೆ ಅಂದಾಜು

ಮಳೆಗಾಲದಲ್ಲಿ ಪೇಪರಿನಲ್ಲಿ ಆಲಮಟ್ಟಿಯ ಸುದ್ದಿ ದಿನಾ ಬರುತ್ತದೆ. ಒಳಹರಿವು ಇಷ್ಟು ಕ್ಯೂಸೆಕ್, ಸಂಗ್ರಹ ಇಷ್ಟು ಟಿಎಂಸಿ. ಮಕ್ಕಳು ಆ ಸಾಲು ಓದಿ ಹಾಗೇ ಮುಂದೆ ಹೋಗುತ್ತಾರೆ. ಅಲ್ಲೇ ತಡೆಯಿರಿ. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಒಂದು ಲಕ್ಷ ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಡ್ಯಾಮಿಗೆ ಎಷ್ಟು ಟಿಎಂಸಿ ಸೇರುತ್ತದೆ? ದಿನಕ್ಕೆ 86,400 ಸೆಕೆಂಡು. ಗುಣಿಸಿದರೆ 864 ಕೋಟಿ ಘನ ಅಡಿ, ಅಂದರೆ 8.64 ಟಿಎಂಸಿ. ಪೂರ್ತಿ ತುಂಬಿದರೆ ಆಲಮಟ್ಟಿಗೆ ಸುಮಾರು 123 ಟಿಎಂಸಿ. ಖಾಲಿ ಡ್ಯಾಮು ಈ ವೇಗದಲ್ಲಿ ಎಷ್ಟು ದಿನಕ್ಕೆ ತುಂಬೀತು ಎಂದು ಮಗುವೇ ಹೇಳಲಿ.

ಕ್ಯಾಲ್ಕುಲೇಟರ್ ಮುಟ್ಟುವ ಮೊದಲು ಉತ್ತರ ಹತ್ತಿರ ಹತ್ತಿರ ಎಷ್ಟಿರಬಹುದು ಎಂದು ಹೇಳುವ ಅಭ್ಯಾಸ ಬೇಕು. ಅದು ಬಂದ ಮಗು ಪರೀಕ್ಷೆಯಲ್ಲಿ ಮನುಷ್ಯನ ಎತ್ತರ 170 ಮೀಟರ್ ಎಂದು ಬರೆದು ಎದ್ದು ಬರುವುದಿಲ್ಲ.

ಎಕ್ಸ್ ಅನ್ನುವ ಅಕ್ಷರದ ಭಯ ಬಿಡಿಸಿ

ಇಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕು. ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ ಎಂದ ಕೂಡಲೇ ಮುಖ ಬಾಡಿಸುವ ಮಕ್ಕಳ ಮನೆಯಲ್ಲೇ ಆ ಸಮೀಕರಣ ಇರುತ್ತದೆ. ಬಾಗಲಕೋಟೆ, ಬೆಳಗಾವಿ, ವಿಜಯಪುರದ ಕಬ್ಬು ಬೆಳೆಗಾರರ ಮನೆಯಲ್ಲಂತೂ ಖಂಡಿತ.

ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಗೊತ್ತುಮಾಡಿದ, ಕಾರ್ಖಾನೆಗಳು ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ಅಂದರೆ ಎಫ್‌ಆರ್‌ಪಿ ನೋಡಿ. ಸಕ್ಕರೆ ಇಳುವರಿ, ಅಂದರೆ ರಿಕವರಿ (ನೂರು ಕೆಜಿ ಕಬ್ಬಿನಿಂದ ಸಿಗುವ ಸಕ್ಕರೆ), ಶೇ 10.25 ಇದ್ದರೆ ಕ್ವಿಂಟಲ್‌ಗೆ 355 ರೂಪಾಯಿ. ರಿಕವರಿ 0.1 ಹೆಚ್ಚಾದಂತೆಲ್ಲ 3.46 ರೂಪಾಯಿ ಜಾಸ್ತಿ, ಕಡಿಮೆಯಾದರೆ ಅಷ್ಟೇ ಕಡಿತ. ಆದರೆ 9.5ಕ್ಕಿಂತ ಎಷ್ಟೇ ಕೆಳಗೆ ಹೋದರೂ 329.05ಕ್ಕಿಂತ ಕಡಿಮೆ ಇಲ್ಲ.

ಟನ್ನಿಗೆ ಬದಲಿಸಿಕೊಳ್ಳಿ. ಮೂಲ ಬೆಲೆ 3,550. ರಿಕವರಿ ಪೂರ್ತಿ ಒಂದು ಅಂಶ ಏರಿದರೆ 346 ರೂಪಾಯಿ. ರಿಕವರಿಯನ್ನು ಎಕ್ಸ್, ಬೆಲೆಯನ್ನು ವೈ ಎಂದು ಕರೆಯಿರಿ. ಎಕ್ಸ್‌ನಿಂದ 10.25 ಕಳೆದು, ಉಳಿದದ್ದನ್ನು 346ರಿಂದ ಗುಣಿಸಿ, 3,550 ಕೂಡಿಸಿದರೆ ವೈ. ಇಷ್ಟೇ ಸಮೀಕರಣ. ರಿಕವರಿ 11 ಆದರೆ ಬೆಲೆ 3,809.50. ರಿಕವರಿ 10 ಆದರೆ 3,463.50. ಗ್ರಾಫ್ ಹಾಳೆಯಲ್ಲಿ ಈ ಚುಕ್ಕಿಗಳನ್ನು ಇಟ್ಟು ಸ್ಕೇಲು ಹಚ್ಚಿ. ನೇರ ಗೆರೆ ಬರುತ್ತದೆ. ಆ 346 ಅನ್ನುವುದೇ ಗೆರೆಯ ಇಳಿಜಾರು. 9.5ರ ಕೆಳಗೆ ಗೆರೆ ಅಡ್ಡಡ್ಡ ಮಲಗುತ್ತದೆ. ಯಾಕೆ ಮಲಗಿತು ಎಂದು ಮಗುವನ್ನೇ ಕೇಳಿ.

ಈಗ ಉಲ್ಟಾ ಪ್ರಶ್ನೆ. ಕಟಾವು ಮತ್ತು ಸಾಗಾಣಿಕೆಗೆ ಟನ್ನಿಗೆ 800 ರೂಪಾಯಿ ಮುರಿದುಕೊಳ್ಳುತ್ತಾರೆ ಅಂದುಕೊಳ್ಳಿ. ಕೈಗೆ 3,000 ಬರಬೇಕಾದರೆ ರಿಕವರಿ ಎಷ್ಟಿರಬೇಕು? ಬೆಲೆ 3,800 ಆಗಬೇಕು. ಮೂಲ ಬೆಲೆಗಿಂತ 250 ಹೆಚ್ಚು. 250ನ್ನು 346ರಿಂದ ಭಾಗಿಸಿದರೆ ಸುಮಾರು 0.72. ಅಂದರೆ ರಿಕವರಿ 10.97ರ ಹತ್ತಿರ ಇರಬೇಕು. ಸಮೀಕರಣ ಬಿಡಿಸುವುದು ಅಂದರೆ ಇದೇ. ಅಪ್ಪ ಸುಮ್ನೆ ಮಡಚಿ ಇಡುತ್ತಿದ್ದ ಬಿಲ್ಲನ್ನು ಮಗಳು ಬಿಚ್ಚಿ ಓದುವುದಕ್ಕೆ ಶುರು ಮಾಡುತ್ತಾಳೆ.

ರೇಖಾಗಣಿತಕ್ಕೆ ಹೊರಗೆ ಹೋಗಿ

ಕೋನಮಾಪಕದ ನಡುವಿನ ತೂತಿಗೆ ದಾರ ಕಟ್ಟಿ, ತುದಿಗೆ ಒಂದು ಕಲ್ಲು ಕಟ್ಟಿ. ಎತ್ತರ ಅಳೆಯುವ ಸಾಧನ ಸಿದ್ಧ. ಅದನ್ನು ಹಿಡಿದು ಮಕ್ಕಳನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗಿ. ಮೂಲೆಯ ಏಳು ಅಂತಸ್ತಿನ ಮಿನಾರಿನ ಚಿಕ್ಕ ಗುಮ್ಮಟದ ಕೆಳ ಅಂಚು 45 ಡಿಗ್ರಿಯಲ್ಲಿ ಕಾಣುವವರೆಗೆ ಹಿಂದೆ ಹಿಂದೆ ನಡೆಯಲಿ. ಅಲ್ಲಿಂದ ಬುಡದವರೆಗಿನ ದೂರಕ್ಕೆ ಮಗುವಿನ ಕಣ್ಣಿನ ಎತ್ತರ ಕೂಡಿಸಿದರೆ ಆ ಅಂಚಿನ ಎತ್ತರ ಸಿಕ್ಕಿತು. 45ರ ಟ್ಯಾನ್, ಅಂದರೆ ಎತ್ತರವನ್ನು ದೂರದಿಂದ ಭಾಗಿಸಿದರೆ ಬರುವ ಸಂಖ್ಯೆ, ಒಂದು ಎಂದು ಬಾಯಿಪಾಠ ಮಾಡಿದ್ದಕ್ಕೆ ಅವತ್ತು ಅರ್ಥ ಬರುತ್ತದೆ.

ದೊಡ್ಡ ಗುಮ್ಮಟದ ನೆತ್ತಿಯನ್ನೇ ಅಳೆಯುತ್ತೇವೆ ಎಂದು ಮಕ್ಕಳು ಹಟ ಹಿಡಿಯುತ್ತಾರೆ. ಆಗುವುದಿಲ್ಲ, ಯಾಕೆಂದರೆ ಕೆಳಗೆ ನಿಂತವರಿಗೆ ನೆತ್ತಿ ಕಾಣುವುದೇ ಇಲ್ಲ. ನಮ್ಮ ನೋಟದ ಗೆರೆ ಗುಂಡಗಿನ ಮೈಯನ್ನು ನೆತ್ತಿಗಿಂತ ಕೆಳಗೇ ಸವರಿಕೊಂಡು ಹೋಗುತ್ತದೆ. ಹತ್ತನೇ ಕ್ಲಾಸಿನ 'ವೃತ್ತಗಳು' ಪಾಠದ ಸ್ಪರ್ಶಕ ಇದೇ ಅಲ್ವಾ!

ಒಳಗೆ ಹೋದಾಗ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಾಡಿ ಬರುವುದರ ಜೊತೆಗೆ, ಕೆಳಗೆ ನಿಂತು ಒಮ್ಮೆ ಕತ್ತೆತ್ತಿ ನೋಡಿಸಿ. ಹಾಲು ಚೌಕ, ಒಂದೊಂದು ಬದಿ ಸುಮಾರು 41 ಮೀಟರ್. ಮೇಲೆ ಕೂತಿರುವುದು ಗುಂಡು, ಒಳವ್ಯಾಸ ಸುಮಾರು 38 ಮೀಟರ್. ಚೌಕದ ಮೇಲೆ ಗುಂಡನ್ನು ಕೂರಿಸಿದ್ದು ಹೇಗೆ? ಒಂದನ್ನೊಂದು ಓರೆಯಾಗಿ ಕತ್ತರಿಸುವ ಎರಡು ಚೌಕಗಳಂತೆ ಕಮಾನುಗಳನ್ನು ಹೆಣೆದಿದ್ದಾರೆ. ನಡುವೆ ಎಂಟು ಬದಿಯ ಆಕಾರ ಹುಟ್ಟುತ್ತದೆ. ನಾಲ್ಕು ಎಂಟಾಯಿತು, ಎಂಟು ಗುಂಡಾಯಿತು. ಮುಗಿದಿದ್ದು 1656ರಲ್ಲಿ. ಮನೆಗೆ ಬಂದು ಕೈವಾರ ಹಿಡಿದು ಆ ಚಿತ್ರ ಬಿಡಿಸಲಿ.

ಇನ್ನು 'ಯಾಕೆ' ಅನ್ನುವುದು. ಪೈಥಾಗೊರಸ್ ಪ್ರಮೇಯ ಎಲ್ಲರಿಗೂ ಗೊತ್ತು, ಅದು ಯಾಕೆ ನಿಜ ಎಂದು ಹೇಳಬಲ್ಲವರು ಕಡಿಮೆ. 12ನೇ ಶತಮಾನದ ಭಾಸ್ಕರಾಚಾರ್ಯರ ದಾರಿ ಕೈಗೆ ಸಿಗುವಂಥದ್ದು. ರಟ್ಟಿನಲ್ಲಿ 3, 4, 5 ಇಂಚಿನ ಬದಿಗಳ ನಾಲ್ಕು ಲಂಬಕೋನ ತ್ರಿಭುಜ ಕತ್ತರಿಸಿ. ಉದ್ದ ಬದಿಗಳು ಹೊರಗೆ ಬರುವಂತೆ ಜೋಡಿಸಿದರೆ 5 ಇಂಚಿನ ಚೌಕ ಆಗುತ್ತದೆ, ನಡುವೆ 1 ಇಂಚಿನ ಚೌಕ ಖಾಲಿ ಉಳಿಯುತ್ತದೆ. ಒಂದು ತ್ರಿಭುಜದ ವಿಸ್ತೀರ್ಣ 6, ನಾಲ್ಕಕ್ಕೆ 24, ಖಾಲಿ ಚೌಕದ್ದು 1. ಒಟ್ಟು 25. ಅದು 9 ಮತ್ತು 16ರ ಮೊತ್ತವೂ ಹೌದು. ಆಮೇಲೆ ಅಂಕಿಗಳ ಜಾಗದಲ್ಲಿ ಅಕ್ಷರ ಹಾಕಿ ಅದೇ ಲೆಕ್ಕ ಬರೆಯಲಿ. ಅದೇ ಸಾಧನೆ. ಉಳಿದ ಪ್ರಮೇಯಗಳಿಗೂ ಯಾಕೆ ಎಂದು ಕೇಳುವ ಧೈರ್ಯ ಇಲ್ಲಿಂದ ಬರುತ್ತದೆ.

ಸಂಖ್ಯಾಶಾಸ್ತ್ರದಲ್ಲಿ ಒಂದೇ ಎಚ್ಚರ

ಐದು ಮನೆಗಳಿಗೆ 2, 2, 3, 3, 40 ಎಕರೆ ಹೊಲ ಇದೆ ಅನ್ನಿ. ಸರಾಸರಿ 10 ಎಕರೆ. ಆದರೆ ಹತ್ತು ಎಕರೆಯವರು ಅಲ್ಲಿ ಒಬ್ಬರೂ ಇಲ್ಲ. ಮಧ್ಯಾಂಕ, ಅಂದರೆ ಸಾಲಾಗಿ ಇಟ್ಟಾಗ ನಟ್ಟನಡುವೆ ಬರುವ ಸಂಖ್ಯೆ, 3. ಅದೇ ಆ ಓಣಿಯ ನಿಜವಾದ ಚಿತ್ರ. ಸಂಭವನೀಯತೆಯಲ್ಲಿ ಆರು ಸಲ ಸತತ ಸೋತವನು ಏಳನೇ ಸಲ ಗೆದ್ದೇ ಗೆಲ್ಲುತ್ತಾನೆ ಅನ್ನುವುದು ಸುಳ್ಳು ಎಂದು ಮಗುವಿಗೆ ಗೊತ್ತಾದರೆ ಸಾಕು. ಮೊಬೈಲಿನ ಜೂಜಿನಿಂದ ಅದು ಕಾಪಾಡುತ್ತದೆ.

ಪರೀಕ್ಷೆಯ ಚಿಂತೆಯೂ ಇದ್ದೇ ಇರುತ್ತದೆ. 80 ಅಂಕದ ಲಿಖಿತ ಪರೀಕ್ಷೆ, 20 ಆಂತರಿಕ. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಳ್ಳುವವರು ವರ್ಗಸಮೀಕರಣ, ತ್ರಿಕೋನಮಿತಿಯನ್ನು ಹೆಚ್ಚು ತಿಕ್ಕಬೇಕು. ಐಟಿಐ, ಡಿಪ್ಲೊಮಾ ಕಡೆ ಹೋಗುವವರಿಗೆ ಅಳತೆ, ವಿಸ್ತೀರ್ಣ, ಘನಫಲ ಬೆರಳ ತುದಿಯಲ್ಲಿರಬೇಕು. ಮೇಲೆ ಹೇಳಿದ್ದು ಇಬ್ಬರಿಗೂ ಬೇಕು.

ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವತ್ತು ಅವಳ ಕೈಗೆ ಒಂದು ನೋಟ್‌ಬುಕ್ ಕೊಟ್ಟೆ. ಬಡ್ಡಿ ಕಟ್ಟದಿದ್ದರೆ ಪ್ರತಿ ತಿಂಗಳು ಅದನ್ನು ಅಸಲಿಗೆ ಸೇರಿಸುತ್ತಾರೆ ಎಂದು ಅಪ್ಪ ಹೇಳಿದರು. ಅವಳು ಸೂತ್ರ ಬಿಟ್ಟು ಒಂದೊಂದೇ ತಿಂಗಳು ಬರೆಯುತ್ತಾ ಹೋದಳು. 51,000. 52,020. 53,060. ಅಪ್ಪ ಚಹಾ ಲೋಟ ಕೆಳಗಿಟ್ಟು ಪಕ್ಕಕ್ಕೆ ಬಂದು ಕೂತರು. ಮೂವತ್ತೈದನೇ ಸಾಲಿನಲ್ಲಿ 99,994 ಬಂತು. ಅಪ್ಪ ಆ ಸಾಲಿನ ಮೇಲೆ ಬೆರಳಿಟ್ಟು, "ಮೂರು ವರ್ಷನೂ ತುಂಬಿರೂದಿಲ್ಲಲ್ಲ" ಅಂದರು. ಸೋಮವಾರ ಇಬ್ಬರೂ ಬ್ಯಾಂಕಿಗೆ ಹೋದರು.