ಸಿಎಫ್‌ಎಲ್‌ಗೆ ನಾನು ಹೋದ ದಾರಿ: ಒಬ್ಬ ಲೈನ್‌ಬ್ಯಾಕರ್‌ನ ಅನುಭವ

ಕೆನಡಾದ ಫುಟ್‌ಬಾಲ್ ಎಂದರೆ ನಮ್ಮೂರಿನ ಕಾಲ್ಚೆಂಡಲ್ಲ, ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಅದರಲ್ಲಿ ರಕ್ಷಣೆಗೆ ನಿಲ್ಲುವ ಹನ್ನೆರಡು ಮಂದಿಯ ಪೈಕಿ ಸದಾ ಅನುಮಾನದಲ್ಲೇ ಬದುಕುವವನು ಲೈನ್‌ಬ್ಯಾಕರ್. ಮುಂದಿನ ಸಾಲಿನ ದೈತ್ಯರಿಗೆ ಎದುರಿನವನನ್ನು ನೂಕುವುದು ಕೆಲಸ. ಹಿಂದಿನ ಸಾಲಿನ ಹುಡುಗರಿಗೆ ಎಸೆದ ಚೆಂಡು ಹಿಡಿಯಲು ಓಡಿಬರುವ ರಿಸೀವರ್‌ನನ್ನು ಕಾಯುವುದು ಕೆಲಸ. ನಡುವೆ ನಿಂತವನು ಮಾತ್ರ ಚೆಂಡು ಯಾರದೋ ಕಂಕುಳಲ್ಲಿ ಓಡಿಬರುತ್ತದೆಯೋ, ಗಾಳಿಯಲ್ಲಿ ಹಾರಿಬರುತ್ತದೆಯೋ ಎಂಬುದನ್ನು ಕಣ್ಣು ಮಿಟುಕಿಸುವುದರೊಳಗೆ ತೀರ್ಮಾನಿಸಬೇಕು. ಈ ಸ್ಥಾನದಲ್ಲಿ ಆಡುತ್ತ ನಾನು ಒಂಟಾರಿಯೊದ ಹೈಸ್ಕೂಲಿನಿಂದ ವಿಶ್ವವಿದ್ಯಾಲಯಕ್ಕೂ ಅಲ್ಲಿಂದ ಕೆನಡಿಯನ್ ಫುಟ್‌ಬಾಲ್ ಲೀಗ್‌ಗೂ, ಅಂದರೆ ಸಿಎಫ್‌ಎಲ್‌ಗೂ, ಹೋದೆ. ದೊಡ್ಡ ಹೆಸರೇನೂ ಮಾಡಲಿಲ್ಲ. ಆದರೆ ಸಂಬಳ ಕೊಟ್ಟು ಆಡಿಸಿದರು. ಮಕ್ಕಳನ್ನು ಈ ಆಟಕ್ಕೆ ಹಾಕಿರುವ ಇಲ್ಲಿನ ಕನ್ನಡದ ತಂದೆತಾಯಂದಿರು ದಾರಿ ಯಾವುದು ಎಂದು ಕೇಳುತ್ತಿರುತ್ತಾರೆ. ನನಗೆ ಗೊತ್ತಿರುವುದು ಇದೊಂದೇ.

ಏಳನೇ ತರಗತಿಯನ್ನು ದಾವಣಗೆರೆಯ ಕನ್ನಡ ಶಾಲೆಯಲ್ಲಿ ಮುಗಿಸಿ ಅಪ್ಪ ಅಮ್ಮನ ಜೊತೆ ಮಿಸ್ಸಿಸಾಗಾಕ್ಕೆ ಬಂದವನು ನಾನು. ಒಂಬತ್ತನೇ ತರಗತಿಯಲ್ಲಿ ತಂಡಕ್ಕೆ ಆಯ್ಕೆ ನಡೆದಾಗ ನನಗೆ ಆಟದ ನಿಯಮಗಳು ಗೊತ್ತಿರಲಿಲ್ಲ, ಹೆಲ್ಮೆಟ್ ಕಟ್ಟಿಕೊಳ್ಳಲು ಬರುತ್ತಿರಲಿಲ್ಲ. ಓಡಿಬರುವವನನ್ನು ಹಿಡಿದು ಕೆಡವುವುದು ಮಾತ್ರ ಗೊತ್ತಿತ್ತು. ಕಬಡ್ಡಿ ಆಡಿಸುತ್ತಿದ್ದ ನಮ್ಮ ಪಿ.ಟಿ. ಮೇಷ್ಟ್ರು ರೈಡರ್‌ನ ಮುಖ ನೋಡಬೇಡ, ಸೊಂಟ ನೋಡು ಎನ್ನುತ್ತಿದ್ದರು. ಮುಖ, ಭುಜ, ಕೈ ಎಲ್ಲವೂ ಸುಳ್ಳು ಹೇಳಬಲ್ಲವು. ಸೊಂಟ ಹೋದ ಕಡೆಗೇ ಮನುಷ್ಯ ಹೋಗಬೇಕು. ಮಿಸ್ಸಿಸಾಗಾದ ಕೋಚ್ ಅದನ್ನೇ ಹೇಳಿದಾಗ ತಂಡದ ಉಳಿದ ಹುಡುಗರಿಗಿಂತ ನಾನು ಎರಡು ವರ್ಷ ಮುಂದಿದ್ದೆ ಎನ್ನಿಸಿತು. ಆ ಮುನ್ನಡೆ ಹೆಚ್ಚು ದಿನ ಉಳಿಯಲಿಲ್ಲ, ಅದು ಬೇರೆ ಮಾತು.

ಕೆಡವುವುದು ಈ ಸ್ಥಾನದ ಕೊನೆಯ ಕೆಲಸ. ಮೊದಲಿನದು ಓದುವುದು. ನನ್ನ ಎದುರಿಗೆ ನಾಲ್ಕೈದು ಗಜ ದೂರದಲ್ಲಿ ಆಕ್ರಮಣ ತಂಡದ ಮುಂದಿನ ಸಾಲಿನ ಆಟಗಾರ, ಗಾರ್ಡ್, ಒಂದು ಕೈ ನೆಲಕ್ಕೂರಿ ಬಗ್ಗಿರುತ್ತಾನೆ. ಬೆರಳುಗಳು ಹುಲ್ಲಿನೊಳಗೆ ಬಲವಾಗಿ ಒತ್ತಿ, ಹಿಂಬದಿ ಮೇಲೆದ್ದಿದ್ದರೆ ಅವನ ಭಾರ ಮುಂದಿದೆ. ನೇರ ನುಗ್ಗುವ ಅಂದಾಜಿನಲ್ಲಿದ್ದಾನೆ, ಚೆಂಡು ಓಡಿಬರುತ್ತದೆ. ಕೈ ಸುಮ್ಮನೆ ನೆಲ ಮುಟ್ಟಿಕೊಂಡು ಹಿಮ್ಮಡಿ ಊರಿದ್ದರೆ ಅವನು ಹಿಂದೆ ಸರಿಯುತ್ತಾನೆ, ಇಲ್ಲವೇ ಪಕ್ಕಕ್ಕೆ ಕಿತ್ತುಕೊಂಡು ಓಡುತ್ತಾನೆ. ಚೆಂಡು ಚಲಿಸಿದ ಕ್ಷಣದಲ್ಲಿ ಅವನ ಹೆಲ್ಮೆಟ್ ತಗ್ಗಿದರೆ ಓಟ, ಎದ್ದರೆ ಪಾಸ್, ಅಂದರೆ ಎಸೆತ. ಪಕ್ಕಕ್ಕೆ ಓಡಿದರೆ ನಾನೂ ಅವನ ಬೆನ್ನು ಹತ್ತಬೇಕು, ಏಕೆಂದರೆ ಅವನು ಚೆಂಡಿಗೆ ದಾರಿ ಮಾಡಲು ಹೊರಟಿದ್ದಾನೆ. ಇಷ್ಟನ್ನೂ ನೋಡುತ್ತ ನನ್ನ ಕಾಲು ಒಂದು ಗೇಣಿನಷ್ಟು ಹೆಜ್ಜೆಯನ್ನು ಮಾತ್ರ ಇಡಬೇಕು. ದೊಡ್ಡ ಹೆಜ್ಜೆ ಇಟ್ಟವನು ಹಿಂದಿರುಗುವಷ್ಟರಲ್ಲಿ ಆಟ ಮುಗಿದಿರುತ್ತದೆ. ಇದನ್ನು ಕಲಿಯಲು ತಾಕತ್ತು ಬೇಡ, ಬೇಸರವಾಗದ ಗುಣ ಬೇಕು. ನಾನು ಬಸ್ಸಿನಲ್ಲಿ ಕೂತು ಮೊಬೈಲಿನಲ್ಲಿ ಒಬ್ಬೊಬ್ಬ ಗಾರ್ಡ್‌ನನ್ನೇ ಹಿಂದೆ ಮುಂದೆ ಓಡಿಸಿ ನೋಡುತ್ತಿದ್ದೆ. ಚೆಂಡು ಎಲ್ಲಿದೆ ಎಂದು ನೋಡುತ್ತಲೇ ಇರಲಿಲ್ಲ.

ಒಂಟಾರಿಯೊದಲ್ಲಿ ಶಾಲಾ ಫುಟ್‌ಬಾಲ್ ಋತು ತೀರಾ ಚಿಕ್ಕದು. ಸೆಪ್ಟೆಂಬರ್‌ನಲ್ಲಿ ಆರಂಭವಾಗಿ ನವೆಂಬರ್ ಚಳಿಗೆ ಮುಗಿಯುತ್ತದೆ. ಅಷ್ಟನ್ನೇ ನೆಚ್ಚಿಕೊಂಡರೆ ವಿಶ್ವವಿದ್ಯಾಲಯದ ಕೋಚ್‌ಗಳ ಕಣ್ಣಿಗೆ ಬೀಳುವುದು ಕಷ್ಟ. ಬೇಸಿಗೆಯ ಕ್ಲಬ್ ಲೀಗ್‌ನಲ್ಲಿ ಆಡಲೇಬೇಕು; ದುಡ್ಡು ಖರ್ಚಾಗುತ್ತದೆ, ಪ್ರತಿ ಶನಿವಾರ ಯಾರಾದರೂ ಕಾರು ಓಡಿಸಬೇಕಾಗುತ್ತದೆ. ಹಡಲ್ ಎಂಬ ತಾಣದಲ್ಲಿ ಆಟದ ವಿಡಿಯೊ ಹಾಕುವುದು ಎಲ್ಲರಿಗೂ ಗೊತ್ತಿದೆ. ಹೆಚ್ಚಿನವರು ಹಾಡು ಸೇರಿಸಿ, ಡಿಕ್ಕಿ ಹೊಡೆದ ದೃಶ್ಯಗಳನ್ನೇ ಪೋಣಿಸುತ್ತಾರೆ. ನಾನು ಕಳುಹಿಸಿದ ತುಣುಕುಗಳಲ್ಲಿ ಮೊದಲ ನಾಲ್ಕು, ಚೆಂಡು ನನ್ನಿಂದ ದೂರ ಹೋದರೂ ನನ್ನ ಮೊದಲ ಹೆಜ್ಜೆ ಸರಿಯಾಗಿದ್ದ ಆಟಗಳು. ಜೊತೆಗೆ ಇಡೀ ಪಂದ್ಯದ ಕೊಂಡಿಯನ್ನೂ ಕೊಟ್ಟೆ, ಅದೂ ನಾವು ಸೋತ ಪಂದ್ಯದ್ದು. ಉತ್ತರ ಬರೆದ ಕೋಚ್‌ಗಳು ಕೇಳಿದ್ದು ಆ ಪಂದ್ಯದ ಬಗ್ಗೆಯೇ.

ತೂಕದ ವಿಷಯ ಮನೆಯಲ್ಲಿ ದೊಡ್ಡ ರಾದ್ಧಾಂತವಾಯಿತು. ನಮ್ಮದು ಸಸ್ಯಾಹಾರಿ ಮನೆ. ಹೈಸ್ಕೂಲು ಮುಗಿಸುವಾಗ 82 ಕಿಲೋ ಇದ್ದೆ. ವಿಶ್ವವಿದ್ಯಾಲಯದ ಲೈನ್‌ಬ್ಯಾಕರ್ ನೂರರ ಹತ್ತಿರ ಇರಬೇಕು. ಅಮ್ಮ ಕಾಳು, ಪನೀರು, ಮೊಸರು, ಶೇಂಗಾ ಹೋಳಿಗೆಯವರೆಗೆ ತನ್ನ ಶಸ್ತ್ರಗಳನ್ನೆಲ್ಲ ಪ್ರಯೋಗಿಸಿದಳು. ಕೊನೆಗೆ ಮೊಟ್ಟೆಗೆ ಒಪ್ಪಿದಳು, ಬೇರೆ ಬಾಣಲೆ ತಂದಿಟ್ಟುಕೊಳ್ಳುವ ಷರತ್ತಿನ ಮೇಲೆ. ಆ ಬಾಣಲೆ ಗ್ಯಾರೇಜಿನಲ್ಲಿ ವಾಸವಾಗಿತ್ತು.

ಅದಕ್ಕಿಂತ ಮುಖ್ಯವಾದದ್ದು ಕಾಗದಪತ್ರ. ಸಿಎಫ್‌ಎಲ್‌ನಲ್ಲಿ ಆಟಗಾರರನ್ನು ‘ನ್ಯಾಷನಲ್’ ಮತ್ತು ‘ಅಮೆರಿಕನ್’ ಎಂದು ವಿಂಗಡಿಸುತ್ತಾರೆ. ನನ್ನ ಕಾಲದಲ್ಲಿ ಪ್ರತಿ ತಂಡದ 24 ಆರಂಭಿಕ ಆಟಗಾರರಲ್ಲಿ ಏಳು ಮಂದಿಯಾದರೂ ನ್ಯಾಷನಲ್ ಆಗಿರಲೇಬೇಕಿತ್ತು. ನ್ಯಾಷನಲ್ ಎನಿಸಲು ಮೊದಲ ಒಪ್ಪಂದದ ಹೊತ್ತಿಗೆ ಕೆನಡಾದ ಪೌರನಾಗಿರಬೇಕು, ಇಲ್ಲವೇ 18 ತುಂಬುವ ಮೊದಲು ಒಟ್ಟು ಐದು ವರ್ಷ ಇಲ್ಲಿ ವಾಸವಾಗಿರಬೇಕು. ಹದಿಮೂರರ ಅಂಚಿನಲ್ಲಿ ಬಂದ ನನಗೆ ಎರಡನೆಯ ಲೆಕ್ಕ ಕೂದಲೆಳೆಯಷ್ಟು ಅತ್ತಿತ್ತ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲವಾದ್ದರಿಂದ ನೀಲಿ ಪಾಸ್‌ಪೋರ್ಟ್ ಹಿಂದಿರುಗಿಸಲು ಅಪ್ಪ ತುಂಬ ಮೀನಮೇಷ ಎಣಿಸಿದರು. ಕೊನೆಗೆ ಎಲ್ಲರದೂ ಒಟ್ಟಿಗೆ ಆಯಿತು. ಈ ವಿಂಗಡಣೆಯ ಬೆಲೆ ತಿಳಿಯಬೇಕಾದರೆ ಅಲೆಕ್ಸ್ ಸಿಂಗಲ್ಟನ್ ಅವರನ್ನು ನೋಡಿ. ಅಮೆರಿಕದಲ್ಲಿ ಬೆಳೆದ ಈ ಲೈನ್‌ಬ್ಯಾಕರ್‌ಗೆ ತಾಯಿಯ ಕಡೆಯಿಂದ ಕೆನಡಾದ ನಂಟಿತ್ತು. 2016ರಲ್ಲಿ ಕ್ಯಾಲ್ಗರಿ ತಂಡ ಡ್ರಾಫ್ಟ್‌ನ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯ, ಮೊದಲ ಸುತ್ತಿನಲ್ಲೇ ಅವರನ್ನು ಎತ್ತಿಕೊಂಡಿತು, ಮರುವರ್ಷವೇ ಅವರು ಲೀಗ್‌ನ ಅತ್ಯುತ್ತಮ ರಕ್ಷಣಾ ಆಟಗಾರ ಎನಿಸಿಕೊಂಡರು, ಆಮೇಲೆ ಅಮೆರಿಕದ ದೊಡ್ಡ ಲೀಗ್ ಎನ್‌ಎಫ್‌ಎಲ್‌ಗೆ ಹೋದರು. ನನ್ನ ಕೋಣೆಯ ಗೋಡೆಯ ಮೇಲೆ ಇದ್ದವರು ಮಾತ್ರ ಹೆನಕ್ ಮುವಾಂಬಾ. ಕಾಂಗೊದಲ್ಲಿ ಹುಟ್ಟಿ, ನಮ್ಮ ಮಿಸ್ಸಿಸಾಗಾದಲ್ಲಿ ಬೆಳೆದು, 2011ರ ಡ್ರಾಫ್ಟ್‌ನಲ್ಲಿ ಮೊಟ್ಟಮೊದಲ ಆಯ್ಕೆಯಾದವರು. ಸಿಎಫ್‌ಎಲ್‌ನ ಪ್ರಶಸ್ತಿಯಾದ ಗ್ರೇ ಕಪ್‌ನ 2022ರ ಫೈನಲ್‌ನಲ್ಲಿ ಅತ್ಯಮೂಲ್ಯ ಆಟಗಾರನ ಗೌರವವೂ ಅವರದೇ.

ವಿಶ್ವವಿದ್ಯಾಲಯದ ವರ್ಷಗಳ ಬಗ್ಗೆ ಹೇಳುವುದು ಕಡಿಮೆ. ಅಮೆರಿಕದ ಕಾಲೇಜುಗಳಂತೆ ಎಂಬತ್ತು ಸಾವಿರ ಪ್ರೇಕ್ಷಕರಿಲ್ಲ, ಟಿವಿಯ ಗದ್ದಲವಿಲ್ಲ, ವಿದ್ಯಾರ್ಥಿವೇತನವೂ ಶುಲ್ಕದಾಚೆ ಹೋಗುವುದಿಲ್ಲ. ಆದರೆ ಐದು ವರ್ಷ ಆಡಲು ಅವಕಾಶವಿದೆ. ಡ್ರಾಫ್ಟ್ ಆದವನೂ ತಂಡ ಬೇಡವೆಂದರೆ ಮರಳಿ ಬಂದು ಉಳಿದ ವರ್ಷ ಆಡಿ ಪದವಿ ಮುಗಿಸಬಹುದು. ಈ ಒಂದು ಸೌಲಭ್ಯಕ್ಕಾಗಿಯೇ ನಾನು ಕೆನಡಾದ ದಾರಿಯನ್ನು ಹೊಗಳುತ್ತೇನೆ. ಮೊದಲ ವರ್ಷ ರಕ್ಷಣಾ ತಂಡದಲ್ಲಿ ನನಗೆ ಜಾಗವಿರಲಿಲ್ಲ. ಚೆಂಡನ್ನು ಎದುರಾಳಿಗೆ ಒದ್ದು ಬಿಟ್ಟುಕೊಡುವ ಕಿಕ್‌ಆಫ್ ಮತ್ತು ಪಂಟ್ ತಂಡಗಳಲ್ಲಿ ಓಡು ಎಂದರು, ಓಡಿದೆ.

ವೃತ್ತಿಪರ ತಂಡಗಳ ಮುಂದೆ ನಡೆಯುವ ಪರೀಕ್ಷೆಗೆ ಕಂಬೈನ್ ಎನ್ನುತ್ತಾರೆ. ನಲವತ್ತು ಗಜದ ಓಟ, ನಿಂತಲ್ಲೇ ಮೇಲೆ ಜಿಗಿತ, ಉದ್ದ ಜಿಗಿತ, 225 ಪೌಂಡ್ ಅಂದರೆ ಸುಮಾರು 102 ಕಿಲೋ ಭಾರವನ್ನು ಮಲಗಿ ಎತ್ತುವುದು. ನಲವತ್ತು ಗಜದ ಓಟಕ್ಕೆ ಎಲ್ಲರೂ ಕೊಡುವ ಮಹತ್ವ ನನ್ನ ಪ್ರಕಾರ ಅತಿಯಾಯಿತು. ಲೈನ್‌ಬ್ಯಾಕರ್ ನೇರವಾಗಿ ನಲವತ್ತು ಗಜ ಓಡುತ್ತಿದ್ದಾನೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಆದರೂ ಅಲ್ಲಿ ನಿಧಾನವಾದವನ ವಿಡಿಯೊವನ್ನು ಯಾರೂ ತೆರೆಯುವುದಿಲ್ಲ. ಹಾಗಾಗಿ ಆ ಚಳಿಗಾಲವಿಡೀ ಓಟದ ಆರಂಭದ ಹತ್ತು ಗಜವನ್ನು ಮಾತ್ರ ತಿದ್ದಿಕೊಂಡೆ. ನಿಜವಾದ ಪರೀಕ್ಷೆ ಆಮೇಲಿನದು: ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಎದುರು ಒಬ್ಬನಿಗೊಬ್ಬ ನಿಲ್ಲುವುದು. ಅಲ್ಲಿ ಸೊಂಟ ನೋಡಿದೆ.

ಎಂಟು ಸುತ್ತಿನ ಡ್ರಾಫ್ಟ್‌ನಲ್ಲಿ ಏಳನೆಯ ಸುತ್ತಿನಲ್ಲಿ ನನ್ನ ಹೆಸರು ಬಂತು. ಮೇ ತಿಂಗಳ ತರಬೇತಿ ಶಿಬಿರದಲ್ಲಿ ಮೊದಲ ದಿನವೇ ಗೊತ್ತಾಯಿತು, ಆರಂಭಿಕ ಲೈನ್‌ಬ್ಯಾಕರ್‌ಗಳೆಲ್ಲ ಅಮೆರಿಕದ ದೊಡ್ಡ ಕಾಲೇಜುಗಳಿಂದ ಬಂದವರು. ನನ್ನಂಥ ಕೆನಡಿಯನ್ನರಿಗೆ ತೆರೆದಿದ್ದ ಬಾಗಿಲು ವಿಶೇಷ ತಂಡಗಳದ್ದು, ಅಂದರೆ ಚೆಂಡು ಒದೆಯುವಾಗ ಮಾತ್ರ ಇಳಿಯುವ ತಂಡಗಳದ್ದು. ಅದರಲ್ಲೂ ಪಂಟ್. ಕೆನಡಾದ ನಿಯಮದಲ್ಲಿ ಚೆಂಡು ಹಿಡಿಯುವವನು ಕೈಯೆತ್ತಿ ಆಟ ನಿಲ್ಲಿಸುವಂತಿಲ್ಲ. ಬದಲಾಗಿ, ಅವನು ಚೆಂಡು ಮುಟ್ಟುವವರೆಗೆ ಅವನ ಸುತ್ತ ಐದು ಗಜದೊಳಗೆ ನಾವು ಕಾಲಿಡಬಾರದು. ಇಟ್ಟರೆ ಹದಿನೈದು ಗಜದ ದಂಡ ಬೀಳಬಹುದು. ನಲವತ್ತೈದು ಗಜ ಪ್ರಾಣ ಹೋಗುವಂತೆ ಓಡಿ, ದಾರಿಯಲ್ಲಿ ಇಬ್ಬರ ಭುಜ ತಪ್ಪಿಸಿ ಬಂದವನು ಅಲ್ಲಿ ಬ್ರೇಕ್ ಹಾಕಬೇಕು. ಚೆಂಡು ಇನ್ನೂ ಮೇಲಿದೆ. ಅವನು ಆಕಾಶ ನೋಡುತ್ತಿದ್ದಾನೆ, ನಾನು ಅವನ ಮೊಣಕಾಲು ನೋಡುತ್ತಿದ್ದೇನೆ. ತುದಿಗಾಲಲ್ಲಿ, ಸಣ್ಣಸಣ್ಣ ಹೆಜ್ಜೆ ಕುಟ್ಟುತ್ತ, ಹೊರಬದಿಯ ಭುಜ ಬಿಟ್ಟುಕೊಡದೆ. ಚೆಂಡು ಎದೆಗೆ ಬಿದ್ದ ಸದ್ದು ಕೇಳಿದ ಮೇಲೆ ಅವನಿಗೂ ನನಗೂ ನಡುವೆ ಇರುವುದು ಐದು ಗಜ, ಮತ್ತು 65 ಗಜ ಅಗಲದ ಮೈದಾನ ಪೂರ್ತಿ ಅವನ ಪಾಲಿಗೆ. ಈ ಐದು ಗಜದಲ್ಲಿ ತಪ್ಪಿಸಿಕೊಳ್ಳಲು ಬಿಡದವನಿಗೆ ಕೆಲಸ ಉಳಿಯುತ್ತದೆ. ನನಗೆ ಉಳಿಯಿತು, ಮೊದಲು ಅಭ್ಯಾಸ ತಂಡದಲ್ಲಿ, ಆಮೇಲೆ ಪಂದ್ಯದ ಪಟ್ಟಿಯಲ್ಲಿ. ಲೈನ್‌ಬ್ಯಾಕರ್ ಆಗಿ ನಾನು ಆಡಿದ ಆಟಗಳಿಗಿಂತ ಪಂಟ್ ಹಿಂದೆ ಓಡಿದ ಆಟಗಳೇ ಜಾಸ್ತಿ. ಅದಕ್ಕೆ ನನಗೆ ಬೇಸರವಿಲ್ಲ.

ಈಗ ನಿಯಮಗಳನ್ನು ಬದಲಿಸಲು ಹೊರಟಿದ್ದಾರೆ. 2027ರಿಂದ ಮೈದಾನದ ಉದ್ದ 110 ಗಜದಿಂದ 100ಕ್ಕೆ ಇಳಿಯುತ್ತದೆ ಎಂದು ಲೀಗ್ ಪ್ರಕಟಿಸಿದೆ. ಅಗಲವನ್ನು ಮುಟ್ಟದಿರುವುದು ಪುಣ್ಯ.

ದುಡ್ಡಿನ ಮಾತು. 2023ರಲ್ಲಿ ಸಿಎಫ್‌ಎಲ್‌ನ ಕನಿಷ್ಠ ವೇತನ ವರ್ಷಕ್ಕೆ 70,000 ಕೆನಡಾ ಡಾಲರ್ ಆಯಿತು. ನನ್ನ ಕಾಲದಲ್ಲಿ ಇನ್ನೂ ಕಡಿಮೆ. ಎನ್‌ಎಫ್‌ಎಲ್‌ನ ಕೋಟಿಗಳ ಕತೆ ಕೇಳಿದ ನೆಂಟರಿಗೆ ಇದು ನಂಬಿಕೆಯಾಗುವುದಿಲ್ಲ. ಜೂನ್‌ನಿಂದ ನವೆಂಬರ್‌ವರೆಗೆ 18 ಪಂದ್ಯ, ಉಳಿದ ತಿಂಗಳು ನಾನು ಸಿವಿಲ್ ಎಂಜಿನಿಯರಿಂಗ್ ಕಚೇರಿಯೊಂದರಲ್ಲಿ ಸೇತುವೆಗಳ ನಕ್ಷೆ ತಿದ್ದುತ್ತಿದ್ದೆ. ಸಹ ಆಟಗಾರರಲ್ಲಿ ಶಾಲಾ ಶಿಕ್ಷಕರಿದ್ದರು, ಬ್ಯಾಂಕಿನವರಿದ್ದರು.

ಇನ್ನು ತಾಯಂದಿರು ಮೊದಲು ಕೇಳುವ ಪ್ರಶ್ನೆ: ತಲೆಗೆ ಪೆಟ್ಟು. ಮುಚ್ಚಿಡುವುದೇನಿಲ್ಲ, ಬೀಳುತ್ತದೆ. ರೋವನ್ ಸ್ಟ್ರಿಂಗರ್ ಎಂಬ 17ರ ಹುಡುಗಿ 2013ರಲ್ಲಿ ರಗ್ಬಿ ಆಡುವಾಗ ತಲೆಗೆ ಮೇಲಿಂದ ಮೇಲೆ ಪೆಟ್ಟು ಬಿದ್ದು ತೀರಿಕೊಂಡಳು; ಆಮೇಲೆ ಒಂಟಾರಿಯೊ 2018ರಲ್ಲಿ ಅವಳ ಹೆಸರಿನಲ್ಲೇ ಕಾನೂನು ತಂದಿತು. ಪೆಟ್ಟಿನ ಅನುಮಾನ ಬಂದರೆ ಆಟಗಾರನನ್ನು ಆ ಕ್ಷಣವೇ ಹೊರಗೆ ಕೂರಿಸಬೇಕು, ವೈದ್ಯರು ಒಪ್ಪದೆ ಮತ್ತೆ ಪೂರ್ತಿ ಆಟಕ್ಕೆ ಇಳಿಸುವಂತಿಲ್ಲ. ಹೈಸ್ಕೂಲಿಗೆ ಹೋಗುವವರೆಗೆ ಮಕ್ಕಳಿಗೆ ಡಿಕ್ಕಿಯ ಆಟ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಸೊಂಟಕ್ಕೆ ಕಟ್ಟಿದ ಪಟ್ಟಿ ಕೀಳುವ ಫ್ಲ್ಯಾಗ್ ಫುಟ್‌ಬಾಲ್ ಇದೆ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಅದು ಸೇರಿದೆ. ಎದುರಿಗಿರುವವನು ಎತ್ತ ಹೋಗುತ್ತಾನೆ ಎಂದು ಓದುವುದನ್ನು ಅದರಲ್ಲೇ ಕಲಿಯಬಹುದು. ಕೆಡವುವುದನ್ನು ಹದಿನೈದರ ಮೇಲೆ ಕಲಿತರೂ ತಡವಾಗುವುದಿಲ್ಲ.